ಹಿತ್ತಿಲ ಗೋಡೆಯ ನೀಲಿ ಕಲೆ

ಅಮ್ಮಾ,

ಕ್ರೀಡಾ ಇಲಾಖೆಗೆ ಅಲೆದು ಚಪ್ಪಲಿ ಸವೆಸಿದ್ದು ಸಾರ್ಥಕವಾಯಿತು. ಪೇಂಟ್‌ಬಾಲ್‌ಗೆ ಕೊನೆಗೂ ಸರ್ಕಾರದ ಮಾನ್ಯತೆ ಸಿಕ್ಕಿತು.

"ಬಣ್ಣದ ಗುಂಡು ಹೊಡ್ಕೊಳ್ಳೋದೂ ಒಂದು ಆಟವೇನ್ರೀ? ಬಟ್ಟೆ ಒಗೆಯೋಳು ನಾನು!" ಎಂದು ನೀನು ನಮ್ಮಿಬ್ಬರನ್ನೂ ಒಟ್ಟಿಗೆ ಬೈಯುತ್ತಿದ್ದೆ. ಅಪ್ಪ ಬಾಗಿಲ ಹಿಂದೆ ಅಡಗಿ, "ಸರ್ಕಾರ ಒಪ್ಪಿದ್ರೂ ನಿಮ್ಮಮ್ಮ ಒಪ್ಪಲ್ಲ ಕಣೇ" ಎಂದು ನಗುತ್ತಿದ್ದರು.

ಆ ಬಣ್ಣ ಒಂದು ಚೆಂಬು ನೀರಿಗೆ ಹೋಗಿಬಿಡುತ್ತದೆ. ಆದರೂ ತೀರಿಹೋದ ವರ್ಷ ಅಪ್ಪ ಗುರಿ ತಪ್ಪಿ ಹೊಡೆದ ಗುಂಡಿನ ನೀಲಿ ಕಲೆ ಹಿತ್ತಿಲ ಗೋಡೆಯ ಮೇಲೆ ಹಾಗೇ ಇದೆ. ಹೋದ ಸಲ ಬಂದಾಗ, ಮಳೆ ತಾಗದಂತೆ ನೀನು ಅದಕ್ಕೆ ತಗಡಿನ ಮರೆ ಕಟ್ಟಿಸಿದ್ದನ್ನು ನೋಡಿದೆ.

ಭಾನುವಾರ ಮೊದಲ ಅಧಿಕೃತ ಪಂದ್ಯ. ನೀನು ಬರಲೇಬೇಕು. ಹೊರಡುವ ಮುಂಚೆ ತಗಡು ಭದ್ರವಾಗಿದೆಯಾ ನೋಡು, ಮಳೆಗಾಲ ಹತ್ತಿರ ಬಂತು.

ಇನ್ನೂ ಬಟ್ಟೆ ಕೊಳೆ ಮಾಡಿಕೊಳ್ಳುವ,
ನಿನ್ನ ಮಗಳು