ಎತ್ತರದ ಸ್ಟೂಲು

ಅಕ್ಕಾ,

ಸತ್ತವರ ಊರಿಗೆ ಅಂಚೆ ಇಲ್ಲವೆಂದು ಗೊತ್ತು. ಆದರೂ ಇವತ್ತಿನ ಸುದ್ದಿಯನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ನೀವು ನಮ್ಮ ಹೊಲಿಗೆ ಅಂಗಡಿ ಬಿಟ್ಟು ಬೇರೆ ಅಂಗಡಿ ಸೇರಿದ ಮೇಲೆ ಬಟ್ಟೆ ಕತ್ತರಿಸುವ ಕೆಲಸಕ್ಕೆ ಬಂದವರೆಲ್ಲ ಸಂತೆಗೆ ಬಂದವರ ಹಾಗೆ ಬಂದು ಹೋದರು. ಮೇಜಿನ ಮುಂದೆ ನೀವು ನಿಂತು ನಿಂತು ಸವೆಸಿದ ನೆಲವನ್ನು ಹೊಲಿಯುವ ಹುಡುಗಿಯರು ಈಗಲೂ ತುಳಿಯುವುದಿಲ್ಲ, ಬಳಸಿಕೊಂಡು ಹೋಗುತ್ತಾರೆ. ಇವತ್ತು ಕೆಲಸ ಕೇಳಿಕೊಂಡು ಬಂದ ಹೆಂಗಸು ನೆಟ್ಟಗೆ ಅಲ್ಲೇ ಹೋಗಿ ನಿಂತಳು. ಪರೀಕ್ಷೆಗೆಂದು ಒಂದು ತುಂಡು ಬಟ್ಟೆ ಕೊಟ್ಟೆ. ಕತ್ತರಿ ಹಿಡಿಯುವ ಮೊದಲು, ನಿಮ್ಮ ಹಾಗೆಯೇ, ಅದನ್ನು ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದಳು.

"ಇದನ್ನ ಯಾರಮ್ಮ ಕಲಿಸಿದ್ದು?"

"ಹಿಂದಿನ ಅಂಗಡೀಲಿ ಒಬ್ಬರು ಅಕ್ಕ ಇದ್ರು. ಈಗಿಲ್ಲ."

ಎಷ್ಟು ಸಂಬಳ ಕೇಳಿದರೂ ಒಪ್ಪಿಬಿಡಬೇಕು ಅಂದುಕೊಂಡೆ. ಅವಳು ಸಂಬಳದ ಮಾತೇ ಎತ್ತಲಿಲ್ಲ.

"ಮಂಡಿ ನೋಯುತ್ತೆ. ಕೂತು ಕತ್ತರಿಸೋಕೆ ಎತ್ತರದ್ದೊಂದು ಸ್ಟೂಲ್ ಕೊಡಿಸ್ತೀರಾ?"

ಕೊಡಿಸುತ್ತೇನೆ ಎನ್ನಲೆಂದೇ ಬಾಯಿ ತೆರೆದೆ. ಹಾಳು ನಾಲಿಗೆ, ಅಂದು ನಿಮಗೆ ಅಂದ ಹಾಗೆಯೇ, "ನೋಡೋಣ" ಎಂದುಬಿಟ್ಟಿತು.

ಅವಳು ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ, ನೀವು ಇಡುತ್ತಿದ್ದ ಮೂಲೆಯಲ್ಲೇ ಇಟ್ಟಳು. ಚೀಲ ಹೆಗಲಿಗೇರಿಸುತ್ತ ಅಂದಳು:

"ನೀವು ಹಾಗೇ ಅಂತೀರಿ ಅಂತ ಅಕ್ಕ ಮೊದಲೇ ಹೇಳಿದ್ರು."