ಚಿಲಕ ಹೊರಗಿರುವ ಕೋಣೆ

ಮತ್ತೆ ಆ ಸ್ವಾಮಿಗಳ ಮಾತು ಅರ್ಧಕ್ಕೇ ನಿಂತಿತ್ತಲ್ಲ, ಮಾನ್ಯ ಕಾರಾಗೃಹ ಅಧೀಕ್ಷಕರೇ, ಅಲ್ಲಿಂದಲೇ ಮುಂದುವರಿಸುತ್ತೇನೆ. ನಿನ್ನೆ ತಮ್ಮ ಕಚೇರಿಯ ಫ್ಯಾನಿನ ಕೆಳಗೆ ಕೂತು ತಾವು ನನ್ನನ್ನು ಕೇಳಿದಿರಿ: ‘ಮಠದ ಸ್ವಾಮಿಗಳು ವರ್ಷಗಟ್ಟಲೆ ಒಬ್ರ ಮೌನ ಕೂಡ್ತಾರಲ್ರಿ, ಅವರಿಗೇನಾಗೇತಿ? ನಿಮ್ಮ ಮನಿಷ್ಯಾಗಷ್ಟ ಏನಾಕ್ಕೇತಿ?’ ಯರಗುಪ್ಪಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಉತ್ತರ ಹೊಳೆಯಿತು. ಸ್ವಾಮಿಗಳ ಕೋಣೆಯ ಚಿಲಕ ಒಳಗಡೆ ಇರುತ್ತದೆ, ಸಾಹೇಬರೇ. ನಿಮ್ಮ ಕೋಣೆಯದು ಹೊರಗಡೆ. ಆ ಹೊರಗಿನ ಚಿಲಕದ ಹಿಂದೆ ನನ್ನ ಹೆಂಡತಿಯ ತಮ್ಮ ಮಡಿವಾಳೆಪ್ಪನನ್ನು, ಮೊದಲೇ ತಲೆ ಸರಿಯಿಲ್ಲದವನನ್ನು, ಕಳೆದ ಜನವರಿಯಿಂದ ಈ ಜುಲೈತನಕ ಒಂಟಿಯಾಗಿ ಕೂಡಿಹಾಕಿದ್ದೀರಿ. ನನ್ನ ತಕರಾರು ಇದು. ಸಾರ್ವಜನಿಕರೂ ಓದಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ; ತಮ್ಮ ಕಚೇರಿಗೆ ಕಳಿಸಿದ ಕಾಗದಗಳ ಗತಿ ನನಗೆ ಗೊತ್ತು.

ಅವನ ಕಾಯಿಲೆಯ ಬಗ್ಗೆ ತಮ್ಮ ಕಡತದಲ್ಲಿರುವುದು ಒಂದು ಸಾಲು. ನನ್ನ ಮನೆಯಲ್ಲಿರುವುದು ಹದಿನಾರು ವರ್ಷ. ಅವನ ಕಿವಿಯೊಳಗೆ ಯಾರೋ ಮಾತಾಡುತ್ತಾರೆ. ಡಾಕ್ಟರು ಗುಳಿಗೆ ಕೊಟ್ಟರು, ಅದರಿಂದ ನಿದ್ದೆ ಬಂತು. ಮದ್ದು ಕಂಡುಹಿಡಿದವಳು ಮಾತ್ರ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ನಪಾಸಾದ ನನ್ನ ಹೆಂಡತಿ ಅನ್ನವ್ವ. ತಮ್ಮನ ಕಣ್ಣು ಒಂದೇ ಕಡೆ ನೆಟ್ಟಿತೆಂದರೆ ಅವನ ಕೈಹಿಡಿದು ಹತ್ತಿ ಬಿಡಿಸುವ ಹೆಂಗಸರ ಸಾಲಿನ ನಡುವೆ ನಿಲ್ಲಿಸಿಬಿಡುತ್ತಿದ್ದಳು. ‘ಖರೇ ಮಂದಿ ದನಿ ಕಿವ್ಯಾಗ ಬಿದ್ರ ಆ ಸುಳ್ಳು ದನಿ ಬಾಯಿ ಮುಚ್ಚತಾವ’ ಎನ್ನುತ್ತಿದ್ದಳು. ಹೌದು, ಮುಚ್ಚುತ್ತಿದ್ದವು. ಪಕ್ಕದ ಸಾಲಿನ ದುಂಡವ್ವ, ‘ಏ ಮಡಿವಾಳ, ಇವತ್ತ ನಿನ್ನ ಕಿವ್ಯಾಗಿನಕಿ ಏನಂತಾಳೋ?’ ಎಂದು ಕೆಣಕಿದರೆ, ಇವನು ತಲೆಯೆತ್ತದೆ, ‘ದುಂಡವ್ವನ ಬಾಯಿ ಭಾಳ, ಹತ್ತಿ ಕಡಿಮಿ ಅಂತಾಳ’ ಎನ್ನುತ್ತಿದ್ದ. ಇಡೀ ಹೊಲ ನಗುತ್ತಿತ್ತು, ಅವನೂ. ಕಾಲೇಜಿನಲ್ಲಿ ನಮಗೆ ‘ಮ್ಯಾನ್ ಈಸ್ ಎ ಸೋಶಿಯಲ್ ಎನಿಮಲ್’ ಎಂದು ಕಲಿಸಿದ್ದರು. ಹೇಳಿದವನು ಯಾರೋ ಮರೆತಿದ್ದೇನೆ, ಪರೀಕ್ಷೆಯಲ್ಲೂ ಮರೆತಿದ್ದೆ. ಅನ್ನವ್ವನಿಗೆ ಅದು ಇಂಗ್ಲಿಷಿಲ್ಲದೆ ಗೊತ್ತಿತ್ತು.

ಅವಳು ತೀರಿಹೋಗಿ ಎರಡು ವರ್ಷವಾಗುತ್ತ ಬಂತು. ಅವಳು ಹೋದ ಮೇಲೆ ನಾನು ಮಾತು ಕಡಿಮೆ ಮಾಡಿದೆ, ಅವನನ್ನು ಹೊಲಕ್ಕೆ ಕರೆದುಕೊಂಡು ಹೋಗಲಿಲ್ಲ. ಇದು ನನ್ನ ತಪ್ಪು, ಬರೆದುಕೊಳ್ಳಿ. ಹೋದ ವರ್ಷದ ಬೇಸಿಗೆಯಲ್ಲಿ ಅವನು ಬಾಜೂ ಮನೆಯವರ ಬಣವೆಗೆ ಬೆಂಕಿ ಹಚ್ಚಿದ. ನ್ಯಾಯಾಧೀಶರು ಕೇಳಿದಾಗ, ‘ಹೌದ್ರಿ, ನಾನ ಹಚ್ಚೀನ್ರಿ. ಒಳಗ ಮಂದಿ ಸಿಕ್ಕೊಂಡು ಒದರಾಕತ್ತಿದ್ರು, ಹೊರಗ ಬರ್ಲಿ ಅಂತ ಹಚ್ಚೀನ್ರಿ’ ಎಂದ. ತಪ್ಪೊಪ್ಪಿಕೊಂಡಿದ್ದಾನೆ ಎಂದು ಬರೆದುಕೊಂಡು ಎರಡು ವರ್ಷ ಕೊಟ್ಟರು. ಅದನ್ನೂ ನಾನು ಸಹಿಸಿದೆ. ಜೈಲಿನ ದೊಡ್ಡ ಬರಾಕಿನಲ್ಲಿ ನಲವತ್ತು ಜನರಿದ್ದರು, ಬೈಯುತ್ತಿದ್ದರು, ಹಾಡುತ್ತಿದ್ದರು. ಇವನು ಅವರ ನಡುವೆ ಹೇಗೋ ನೆಟ್ಟಗಿದ್ದ.

ಆಮೇಲೆ ತಮಗೆ ಅವನ ಪ್ರಾಣದ ಮೇಲೆ ದಯೆ ಹುಟ್ಟಿತು. ಹುಚ್ಚ, ಎಲ್ಲಾದರೂ ಉರುಲು ಹಾಕಿಕೊಂಡಾನು ಎಂದು ಉಡಿದಾರ ಬಿಚ್ಚಿಸಿದಿರಿ, ಅದರ ಜೊತೆಗೆ ಕೊರಳಿನ ಶಿವದಾರವನ್ನೂ, ಅದರಲ್ಲಿದ್ದ ಲಿಂಗವನ್ನೂ. ಲಿಂಗಕ್ಕೆ ನಂಬರಿನ ಚೀಟಿ ಕಟ್ಟಿ ಸಾಮಾನು ಕೋಣೆಯಲ್ಲಿಟ್ಟಿರಿ, ಬೀಡಿ ಕಟ್ಟು, ಹಳೆಯ ಚಪ್ಪಲಿಗಳ ಪಕ್ಕ. ನಮ್ಮ ಮನೆತನದಲ್ಲಿ ಲಿಂಗಪೂಜೆಯಾಗದೆ ನೀರೂ ಗಂಟಲಿಗಿಳಿಯುವುದಿಲ್ಲ. ಕಿವಿಯೊಳಗೆ ಯಾರು ಏನೇ ಒದರಲಿ, ಅದೊಂದನ್ನು ಅವನು ಎಂದೂ ತಪ್ಪಿಸಿದವನಲ್ಲ. ಲಿಂಗವಿಲ್ಲದೆ ಊಟದ ತಾಟು ಮುಟ್ಟಲಿಲ್ಲ.

ಇಲ್ಲಿ ನನ್ನ ಎರಡನೆಯ ತಪ್ಪು. ತಮಗೆ ಕೊಟ್ಟ ಅರ್ಜಿಯನ್ನು ಕನ್ನಡದಲ್ಲಿ ಬರೆದಿದ್ದರೆ ತಮ್ಮ ಗುಮಾಸ್ತನಿಗಾದರೂ ತಿಳಿಯುತ್ತಿತ್ತು. ಇಂಟರ್‌ತನಕ ಓದಿದವನೆಂಬ ಜಂಬ. ‘ಟಿಲ್ ದಿ ಲಿಂಗಾ ಈಸ್ ರಿಟರ್ನ್ಡ್, ಹೀ ವಿಲ್ ನಾಟ್ ಟೇಕ್ ಫುಡ್ ಆರ್ ವಾಟರ್, ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂದು ಬರೆದೆ. ನಾನು ತಿಳಿಸಿದ್ದು ಮನೆಯ ರೂಢಿ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ತಮಗೆ ಕಂಡದ್ದು ಸರಕಾರಕ್ಕೆ ಬೆದರಿಕೆ. ಉಪವಾಸ ಸತ್ಯಾಗ್ರಹಿಯೆಂದು ಅವನನ್ನು ಒಂಟಿ ಕೋಣೆಗೆ ದಬ್ಬಿದಿರಿ. ಮೂಗಿನಲ್ಲಿ ನಳಿಗೆ ತುರುಕಿ ಗಂಜಿ ಹಾಕಿಸಿದಿರಿ. ಬಣವೆಯೊಳಗೆ ಮನುಷ್ಯರನ್ನು ಕಾಣುವವನು ಯಾವ ಸರಕಾರವನ್ನು ಉರುಳಿಸುತ್ತಿದ್ದ, ಸ್ವಾಮಿ? ಮಾರ್ಚಿನಲ್ಲಿ ಆ ಸರಕಾರ ತಾನಾಗಿಯೇ ಬಿತ್ತು. ದೊಡ್ಡ ದೊಡ್ಡ ನಾಯಕರೆಲ್ಲ ಜೈಲಿನಿಂದ ಹೂವಿನ ಹಾರ ಹಾಕಿಸಿಕೊಂಡು ಹೊರಬಂದರು. ನಿಜವಾದ ಸತ್ಯಾಗ್ರಹಿಗಳು ಮನೆಗೆ ಹೋದರು, ಸುಳ್ಳು ಸತ್ಯಾಗ್ರಹಿಯೊಬ್ಬ ಕತ್ತಲೆಯಲ್ಲಿ ಉಳಿದ. ನಿನ್ನೆ ತಾವು ಕಡತ ತೆಗೆದು, ನಾನು ಬರೆದ ಸಾಲಿನ ಕೆಳಗೆ ಎಳೆದ ಕೆಂಪು ಗೆರೆ ತೋರಿಸಿದಿರಿ. ‘ಕೈಬರಹ ನಿಮ್ಮದ ಹೌದಲ್ರಿ?’ ‘ಹೌದ್ರಿ.’ ‘ಮತ್ತ ನನ್ನ ಮ್ಯಾಲ್ಯಾಕ ಹರಿಹಾಯತೀರಿ?’ ಎಂದು ನಕ್ಕಿರಿ. ಆ ನಗೆಯನ್ನು ನಾನು ಮರೆಯುವುದಿಲ್ಲ.

ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಸಮನೆ ಒಂಟಿ ಇಡಬಾರದೆಂದು ಕಾಯಿದೆಯಲ್ಲಿದೆಯಂತೆ, ಕುಂದಗೋಳದ ವಕೀಲರು ಹೇಳಿದರು. ಅದಕ್ಕೂ ತಮ್ಮಲ್ಲಿ ಉತ್ತರವಿತ್ತು: ಇದು ಶಿಕ್ಷೆಯಲ್ಲ, ಅವನ ಸುರಕ್ಷತೆಗಾಗಿ ಪ್ರತ್ಯೇಕ ವ್ಯವಸ್ಥೆ. ಎಂಥ ಸುರಕ್ಷತೆ! ನಿನ್ನೆ ಭೇಟಿಯ ಸಾಲಿನಲ್ಲಿ ನನ್ನ ಹಿಂದೆ ಮಲಿಕಾಬಿ ಎಂಬವಳು ನಿಂತಿದ್ದಳು; ಅವಳ ಗಂಡ ತಮ್ಮಲ್ಲೇ ಕೈದಿ, ಕೋಣೆಗಳಿಗೆ ತಾಟು ಹಂಚುವವನು. ಅವಳು ದನಿ ತಗ್ಗಿಸಿ ನನಗೆ ಹೇಳಿದಳು: ‘ಕಾಕಾ, ನಿಮ್ಮಾಂವ ತಾಟು ಒಳಗ ತಳ್ಳೋ ಕೈ ಹಿಡಕೊಂಡು ಬಿಡಂಗಿಲ್ಲಂತ್ರಿ. ಬೈಯಂಗಿಲ್ಲ, ಬೇಡಂಗಿಲ್ಲ. ಬರೇ ಹಿಡಕೊಂಡು ಕುಂದರತಾನಂತ. ಸಿಪಾಯಿ ಕೋಲಿಲೆ ಹೊಡದ ಮ್ಯಾಲ ಬಿಡತಾನಂತ.’

ಆಮೇಲೆ ಅವನನ್ನು ಸರಳುಗಳಾಚೆ ತಂದು ನಿಲ್ಲಿಸಿದರು. ಬೆಳಕಿಗೆ ಕಣ್ಣು ಮುಚ್ಚಿಕೊಂಡ. ‘ಮಡಿವಾಳ, ನಾನೋ, ನಿಮ್ಮ ಮಾಂವ’ ಎಂದೆ. ತಲೆಯನ್ನು ಗೋಡೆಯ ಕಡೆ ತಿರುಗಿಸಿ ಗೋಡೆಯನ್ನೇ ಕೇಳಿದ: ‘ಇಂವ ಖರೇ ಮನಿಷ್ಯಾ ಏನು?’ ನಾನು ಸರಳಿನೊಳಗೆ ಕೈ ಚಾಚಿದೆ. ‘ಮುಟ್ಟಂಗಿಲ್ರಿ’ ಎಂದ ಸಿಪಾಯಿ. ಅಲ್ಲಿಗೆ ಭೇಟಿ ಮುಗಿಯಿತು. ಈಗ ಅವನು ಲಿಂಗವಿಲ್ಲದೆಯೂ ಉಣ್ಣುತ್ತಾನೆ. ಕೊರಳು ಮುಟ್ಟಿ ನೋಡಿಕೊಳ್ಳುವುದನ್ನೂ ಬಿಟ್ಟಿದ್ದಾನೆ. ತಾವು ಅದನ್ನು ‘ನಡತೆ ಸುಧಾರಿಸಿದೆ’ ಎಂದು ಬರೆದಿದ್ದೀರಿ. ಸುಧಾರಿಸಿದ ಮೇಲೂ ಚಿಲಕ ತೆಗೆಯದಿರುವುದು ಯಾವ ಸುಧಾರಣೆಗಾಗಿ?

ಅನ್ನವ್ವ ಇದ್ದಿದ್ದರೆ ತಮ್ಮ ಬಂಗಲೆಯ ಮುಂದೆ ನಿಂತು ಹಿಡಿಮಣ್ಣು ತೂರಿ ಶಾಪ ಹಾಕುತ್ತಿದ್ದಳು. ನಾನು ಓದಿದವನು, ಬಯಕೆಯನ್ನಷ್ಟೇ ಬರೆಯುತ್ತೇನೆ. ತಾವು ನೂರು ವರ್ಷ ಬಾಳಬೇಕು. ನಿವೃತ್ತಿಯಾದ ಮರುದಿನದಿಂದ ತಾವು ಕರೆದರೆ ಯಾರೂ ಓ ಎನ್ನಬಾರದು. ಮಕ್ಕಳು ತಾಟು ಬಾಗಿಲಲ್ಲಿಟ್ಟು ಹೋಗಬೇಕು, ತಮ್ಮ ಸುರಕ್ಷತೆಗಾಗಿ. ಇಂಥದ್ದನ್ನು ಬಯಸುವುದು ಸಜ್ಜನಿಕೆಯಲ್ಲ ಎಂದು ಗೊತ್ತು. ಸಜ್ಜನಿಕೆಯಿಂದ ಬರೆದ ಹನ್ನೊಂದು ಅರ್ಜಿಗಳು ತಮ್ಮಲ್ಲೇ ಇವೆ.

ಬೇಡುವುದನ್ನು ಬಿಟ್ಟಿದ್ದೇನೆ, ಹೇಳುತ್ತೇನೆ. ಬರುವ ಸೋಮವಾರ ಭೇಟಿಯ ದಿನ. ಅಷ್ಟರೊಳಗೆ ಅವನು ಆ ಕೋಣೆಯಿಂದ ಹೊರಬಂದು, ನಾಲ್ಕು ಜನರ ದನಿ ಕೇಳುವ ಆಸ್ಪತ್ರೆಯ ವಾರ್ಡಿನಲ್ಲಿರಬೇಕು. ಇಲ್ಲವಾದರೆ ವಕೀಲರು ಹೈಕೋರ್ಟಿಗೆ ಕಾಗದ ಬರೆದಿಟ್ಟಿದ್ದಾರೆ, ತಮ್ಮ ಹುದ್ದೆಯನ್ನೂ ಸೇರಿಸಿ. ಲಿಂಗವನ್ನು ಸಿಪಾಯಿಯ ಕೈಯಲ್ಲಿ ಕಳಿಸಕೂಡದು. ತಾವೇ ಚೀಟಿ ಹರಿದು, ತೊಳೆದು, ತಂದು, ಎಲ್ಲರೆದುರು ಅವನ ಅಂಗೈಯಲ್ಲಿಡಬೇಕು, ತಪ್ಪಾಯಿತು ಎನ್ನಬೇಕು. ಅವನು ಕ್ಷಮಿಸಿಯೂ ಬಿಟ್ಟಾನು, ಅವನಿಗೆ ತಲೆ ಸರಿಯಿಲ್ಲ. ನನ್ನ ತಲೆ ಸರಿಯಿದೆ.

ಇನ್ನೂ ಬರೆಯುವುದಿತ್ತು. ಹೊತ್ತು ಮುಳುಗಿತು, ಸಾಲು ಕಾಣುತ್ತಿಲ್ಲ.

ಇಂತಿ,
ಇಂಗ್ಲಿಷ್ ಬರುತ್ತದೆಂದು ತಿಳಿದುಕೊಂಡಿದ್ದ,
ಯರಗುಪ್ಪಿಯ ಶಂಕ್ರಪ್ಪ