ದೆವ್ವದ ಪಾದ

೧೪-೨-೧೯೫೩, ಶನಿವಾರ. ಯಳವಿ.

ನಿನ್ನೆ ನಾಟಕದಲ್ಲಿ ಜನ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ದೆವ್ವಕ್ಕೆ ಪಾದ ಹಿಂದುಮುಂದಾಗಿರಬೇಕೆಂದು ದೆವ್ವದ ಪಾತ್ರ ಮಾಡಿದ್ದ ರೇವಪ್ಪನ ಹಿಮ್ಮಡಿಗೆ ಬಟ್ಟೆಯ ಪಾದ ಕಟ್ಟಿದ್ದೆವು. ಲಾಡಿ ಹಚ್ಚಿ ಹೊಲಿದವನು ಟೇಲರ ದಸ್ತಗೀರ, ಗಂಟು ಹಾಕಿದವನು ನಾನು. ಕೊಲೆಯಾದ ತಮ್ಮ ದೆವ್ವವಾಗಿ ಬಂದು ಅಣ್ಣನನ್ನು ದೂರುವ ಹೊತ್ತಿಗೇ ಒಂದು ಪಾದ ಕಳಚಿ ಬಿತ್ತು. ಪರದೆಯ ಹಿಂದೆ ಎಲ್ಲರೆದುರು ದಸ್ತಗೀರನನ್ನು ಬೈದೆ: "ಎಂಥಾ ಹೊಲಿಗಿಯೋ ನಿಂದು, ಲಾಡಿ ಕಿತ್ತು ಬಂತಲ್ಲೋ!" ಅವನು ತಲೆ ತಗ್ಗಿಸಿ ನಿಂತ.

ಆ ಪಾದವನ್ನು ಮನೆಗೆ ತಂದು ನೋಡಿದರೆ ಹೊಲಿಗೆ ಗಟ್ಟಿಯಾಗಿಯೇ ಇತ್ತು. ಬಿಚ್ಚಿದ್ದು ನನ್ನ ಗಂಟು.

ಅಣ್ಣನ ಪಾತ್ರ ನನ್ನದೇ. "ತಪ್ಪು ನನ್ನದು ತಮ್ಮಾ" ಎಂದು ದೆವ್ವದ ಕಾಲಿಗೆ ಬಿದ್ದು ಅಳುತ್ತೇನೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇವತ್ತು ಮಧ್ಯಾಹ್ನ ದಸ್ತಗೀರ ತಾನೇ ಮನೆಗೆ ಬಂದ. ಆ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.

"ಕೊಡ್ರಿ ಮಾಸ್ತರ, ಇನ್ನೊಂದು ಹೊಲಿಗಿ ಹಾಕಿ ತರ್ತೀನಿ," ಎಂದು ಪಾದ ಇಸಕೊಂಡ. ಲಾಡಿ ಜಗ್ಗಿ ನೋಡಿದ. ಹೊಲಿಗೆಯ ಮೇಲೆ ಬೆರಳಾಡಿಸಿದ. ನನ್ನ ಮುಖ ಮಾತ್ರ ನೋಡಲಿಲ್ಲ. ಹೊಸ್ತಿಲು ದಾಟುವಾಗ ಮೆಲ್ಲಗೆ ಅಂದ: "ಸೋಮವಾರದ ಆಟಕ್ಕ ಗಂಟ ನಾನ ಕಟ್ಟತೀನ್ರಿ."

ನಾನು "ಹೂಂ" ಅಂದೆ. ಹೂಂ, ಅಷ್ಟೇ.